ಎರಡು ಚಮಚ ಹುರಿದ ಸೋಡ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಮನೆಯ ಗೇಟು ಕಿರ್ ಅಂದಿತೆಂದರೆ ನನ್ನ ಹೊಟ್ಟೆಯೊಳಗೆ ಏನೋ ಒಂದು ಉರಿಯತೊಡಗುತ್ತದೆ. ಬರುವವಳು ವನಜ, ನನ್ನ ಚಿಕ್ಕಮ್ಮನ ಮಗಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಬಿಸಿ ಆರದಂತೆ ಬಟ್ಟೆ ಸುತ್ತಿದ ಎಂಟು ಬನ್ಸ್. ಬನ್ಸ್ ಅಂದರೆ ಬೇಕರಿಯ ಬನ್ನಲ್ಲ. ಕಳಿತ ಬಾಳೆಹಣ್ಣು ಕಿವುಚಿ, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಅಡಿಗೆ ಸೋಡ ಹಾಕಿ ಮೈದಾ ಕಲಸಿಟ್ಟು, ಎಣ್ಣೆಯಲ್ಲಿ ಬಿಟ್ಟರೆ ಚೆಂಡಿನಂತೆ ಉಬ್ಬುತ್ತದಲ್ಲ, ಅದು. ಇಡೀ ವಾರ ನಾನು ಮಾಡಿಕೊಟ್ಟದ್ದನ್ನು ಮದ್ದು ತಿಂದಂತೆ ತಿನ್ನುವ ಎಂಬತ್ತೈದರ ನನ್ನ ಅಮ್ಮ, ಆ ಡಬ್ಬಿಯ ಸದ್ದು ಕೇಳಿದ ಕೂಡಲೇ ಗೋಡೆ ಹಿಡಿಯದೆಯೇ ಎದ್ದು ಬರುತ್ತಾಳೆ.

"ಕಾಣ್ ಗಿರ್ಜಾ, ಬನ್ಸ್ ಅಂದ್ರೆ ಇದ್. ನೀನ್ ಮಾಡುದ್ ಎಂತಕ್ ಹೀಂಗ್ ಆತಿಲ್ಲ?"

ಈ ಪ್ರಶ್ನೆಯನ್ನು ಅಮ್ಮ ಪ್ರತಿ ಶನಿವಾರ ಕೇಳುತ್ತಾಳೆ. ಅರವತ್ತೊಂದು ವರ್ಷದ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನಾನು ಪ್ರತಿ ಶನಿವಾರ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ನನಗೆ ವನಜನನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ನಲವತ್ತೈದು ವರ್ಷಕ್ಕೂ ಹಿಂದಿನದು.

ಹೋದ ತಿಂಗಳು ಅಡುಗೆಮನೆಯ ಶೆಲ್ಫ್ ಒರೆಸುವಾಗ ಕೈಗೆ ಸಿಕ್ಕಿದ್ದು ಒಂದು ಸೋಡದ ಪೊಟ್ಟಣ. ಅದರ ಮೇಲೆ ಸಣ್ಣ ಅಕ್ಷರದಲ್ಲಿ 'ಸೋಡಿಯಂ ಬೈಕಾರ್ಬೊನೇಟ್' ಎಂದಿತ್ತು. ಕನ್ನಡಕ ಹಾಕಿಕೊಂಡು ಓದಿದೆ, ಓದಿ ನಾಚಿಕೆಪಟ್ಟೆ. ಯಾಕೆ ಅಂತ ಹೇಳುತ್ತೇನೆ.

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ವರ್ಷಕ್ಕೊಬ್ಬರಾದರೂ ಮಕ್ಕಳು ಎದ್ದು ನಿಂತು ಕೇಳುತ್ತಿದ್ದರು: "ಟೀಚರ್, ಬೈ ಅಂದರೆ ಎರಡು ಅಲ್ವಾ? ಇದರಲ್ಲಿ ಕಾರ್ಬೊನೇಟ್ ಒಂದೇ ಇದೆಯಲ್ಲ, ಮತ್ತೆ ಬೈ ಯಾಕೆ?" ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. "ಅದು ಹಳೆಯ ಹೆಸರು. ಈಗ ಸೋಡಿಯಂ ಹೈಡ್ರೋಜನ್ ಕಾರ್ಬೊನೇಟ್ ಅಂತ ಬರೆಯಬೇಕು. ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಪರೀಕ್ಷೆಗೆ ಬರುವುದಿಲ್ಲ ಎನ್ನುವುದು ನಮ್ಮಂಥ ಮಾಸ್ತರರ ಕೈಯಲ್ಲಿ ಎಂತಹ ಪ್ರಶ್ನೆಗೂ ನಡೆಯುವ ಉತ್ತರ.

ಆ ದಿನ ಪೊಟ್ಟಣ ಹಿಡಿದುಕೊಂಡೇ ಹೋಗಿ ಅಟ್ಟದ ಪೆಟ್ಟಿಗೆಯಿಂದ ಹಳೆಯ ರಸಾಯನಶಾಸ್ತ್ರದ ಪುಸ್ತಕ ಇಳಿಸಿದೆ. ಮಧ್ಯಾಹ್ನದ ಊಟ ತಡವಾಯಿತು, ಅಮ್ಮ ಎರಡು ಸಲ ಕರೆದಳು. ನನಗೆ ಕೇಳಿಸಲೇ ಇಲ್ಲ, ಅಷ್ಟು ಚಂದದ ವಿಷಯ ಅಲ್ಲಿತ್ತು.

ಸೋಡದಂಥವನ್ನು 'ಆಮ್ಲ ಲವಣ' ಎನ್ನುತ್ತಾರೆ. ಆಮ್ಲಕ್ಕೆ ಕ್ಷಾರ ಸೇರಿಸಿದರೆ ಆಮ್ಲದ ಸಿಟ್ಟು ಇಳಿದು ಉಪ್ಪಾಗುತ್ತದೆ. ಆದರೆ ಕೆಲವು ಆಮ್ಲಗಳ ಸಿಟ್ಟು ಅರ್ಧ ಮಾತ್ರ ಇಳಿದು ಉಳಿದರ್ಧ ಒಳಗೇ ಉಳಿದುಬಿಡುತ್ತದೆ. ಮೇಲೆ ನೋಡಿದರೆ ಉಪ್ಪು, ಒಳಗೆ ಇನ್ನೂ ಸ್ವಲ್ಪ ಆಮ್ಲ. ಓದುತ್ತಾ ಓದುತ್ತಾ ಇದು ಯಾರದೋ ಪರಿಚಯದವರ ವರ್ಣನೆ ಅನಿಸಿತು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ "ಬಾ ವನಜ, ಕೂಕೊ, ಚಾ ಮಾಡ್ತೆ" ಎಂದು ನಗುತ್ತಾ ಬಾಗಿಲು ತೆಗೆಯುವ ನಾನು ಅದೇ ಜಾತಿಯವಳು.

ಇನ್ನು ಆ 'ಬೈ'. ಇನ್ನೂರು ವರ್ಷದ ಹಿಂದೆ ಅಣುಸೂತ್ರ ಬರೆಯುವ ಕ್ರಮವೇ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಬೆಂಕಿ, ತಕ್ಕಡಿ, ಗ್ಯಾಸು ಅಳೆಯುವ ಗಾಜಿನ ಕೊಳವೆ. ಇಂಗ್ಲೆಂಡಿನ ಒಬ್ಬ ರಸಾಯನಶಾಸ್ತ್ರಜ್ಞ ಇಂಥದೊಂದು ಲವಣವನ್ನು ಬೆಂಕಿಯಲ್ಲಿ ಕಾಯಿಸಿ ನೋಡಿದ. ಎರಡು ಪಾಲು ಕಾಯಿಸಿದ್ದಕ್ಕೆ ಆಮ್ಲ ಸುರಿದರೆ ಎಷ್ಟು ಗ್ಯಾಸು ಬಂತೋ, ಒಂದೇ ಪಾಲು ಕಾಯಿಸದ ಹಸಿ ಪುಡಿಗೆ ಸುರಿದರೂ ಅಷ್ಟೇ ಬಂತು. ಅಂದರೆ ಕಾಯಿಸಿದಾಗ ಸರಿಯಾಗಿ ಅರ್ಧ ಗ್ಯಾಸು ಹೊರಟುಹೋಗಿದೆ, ಅರ್ಧ ಉಳಿದಿದೆ. ಹಸಿಯದರಲ್ಲಿ ಅದೇ ಕ್ಷಾರಕ್ಕೆ ಎರಡು ಪಟ್ಟು ಗ್ಯಾಸು. ಅದಕ್ಕೇ ಬೈ. ನಮ್ಮ ಅಡಿಗೆ ಸೋಡವೂ ಹೀಗೆಯೇ: ಚೆನ್ನಾಗಿ ಹುರಿದರೆ ಅರ್ಧ ಗ್ಯಾಸು ಕಳೆದುಕೊಂಡು ಬಟ್ಟೆ ಒಗೆಯುವ ಸೋಡ ಆಗುತ್ತದೆ.

ಇಲ್ಲಿಗೆ ಬಂದು ಪುಸ್ತಕ ಮುಚ್ಚಿದೆ. ಯಾಕೆಂದರೆ ಅಡಿಗೆ ಸೋಡ ಹುರಿಯುವುದನ್ನು ನಾನು ಹದಿನಾರನೇ ವಯಸ್ಸಿನಲ್ಲಿ ಸ್ವತಃ ಮಾಡಿದವಳು.

ಆಗ ನಮ್ಮ ಮನೆ ಕಿರಿಮಂಜೇಶ್ವರದಲ್ಲಿ. ವನಜನ ಮನೆ ಗಂಗೊಳ್ಳಿ. ಅವಳ ಅಪ್ಪ ಮುಂಬೈಯ ಒಂದು ಕ್ಯಾಂಟೀನಿನಲ್ಲಿದ್ದರು, ಮನೆಯಲ್ಲಿ ಜನ ಜಾಸ್ತಿ, ಜಾಗ ಕಡಿಮೆ. ಓದುವುದಕ್ಕೆಂದು ಚಿಕ್ಕಮ್ಮ ಅವಳನ್ನು ನಮ್ಮಲ್ಲಿ ಬಿಟ್ಟಿದ್ದರು. ನನಗಿಂತ ಎಂಟು ತಿಂಗಳು ಸಣ್ಣವಳು, ಆ ಎಂಟು ತಿಂಗಳಿಗೇ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಓದಿನಲ್ಲಿ ನಾನು ಮುಂದೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸು, ಅವಳಿಗೆ ಗಣಿತ ಹೋಯಿತು. ನೀವು ಹೇಳಿ, ಇದರಲ್ಲಿ ಹೊಟ್ಟೆಕಿಚ್ಚುಪಡಬೇಕಾದವರು ಯಾರು? ಆದರೆ ಪಟ್ಟವಳು ನಾನು. ಏಕೆಂದರೆ ನನ್ನ ಅಂಕಪಟ್ಟಿಯನ್ನು ಅಮ್ಮ ಒಂದು ಸಲ ನೋಡಿ ದೇವರ ಮುಂದಿಟ್ಟಳು, ವನಜ ಲಟ್ಟಿಸುವ ಬನ್ಸನ್ನು ದಿನಾ ನೋಡಿದಳು. ಒಂದರ ಹಾಗೆ ಇನ್ನೊಂದು, ಹಾಕಿದ ಕೂಡಲೇ ಎಣ್ಣೆಯಲ್ಲಿ ಬೆನ್ನು ತಿರುಗಿಸಿ ಉಬ್ಬುತ್ತಿತ್ತು. "ಅವ್ಳ್ ಕೈ ಕಾಣಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು ಅಮ್ಮ. ನಾನು ನನ್ನ ಕೈಯನ್ನೂ ನೋಡಿಕೊಳ್ಳುತ್ತಿದ್ದೆ. ಮಸಿಯ ಕಲೆ ಬಿಟ್ಟರೆ ಅದೂ ಸಾಧಾರಣ ಒಳ್ಳೆಯ ಕೈಯೇ.

ಆ ವರ್ಷ ಶ್ರಾವಣದಲ್ಲಿ ಮುಂಬೈಯಿಂದ ಅತ್ತೆ ಬಂದರು, ಅಪ್ಪನ ಅಕ್ಕ. ಅವರದು ಅಲ್ಲಿ ಹೋಟೆಲಿನ ಮನೆತನ. ತಿಂಡಿ ಬಾಯಿಗಿಟ್ಟರೆ ತಪ್ಪು ಹುಡುಕದೆ ನುಂಗುವವರಲ್ಲ. ದೇವಸ್ಥಾನದ ಪೂಜೆ ಮುಗಿಸಿ ಹತ್ತು ಹದಿನೈದು ಜನ ನಮ್ಮಲ್ಲಿಗೆ ತಿಂಡಿಗೆ ಬರುವುದೆಂದಾಯಿತು. ಅಮ್ಮ ವನಜನಿಗೆ ಬನ್ಸ್ ವಹಿಸಿದಳು. ಹಿಂದಿನ ದಿನ ಸಂಜೆ ವನಜ ಬಾಳೆಹಣ್ಣು ಕಿವುಚಿ, ಮೊಸರು ಸಕ್ಕರೆ ಹಾಕಿಟ್ಟು, "ಗಿರ್ಜಕ್ಕ, ಬಟ್ಟಿ ಎಲ್ಲ ಒಳಗ್ ಹಾಕ್ಕಂಡ್ ಬತ್ತೆ, ಮಳಿ ಬಂತ್" ಎಂದು ಹೊರಗೆ ಓಡಿದಳು. ಪಾತ್ರೆ ನನ್ನ ಮುಂದಿತ್ತು, ಪಕ್ಕದಲ್ಲಿ ಸೋಡದ ಪೊಟ್ಟಣ.

ಅತ್ತೆ ಹೊಗಳುವ ಬನ್ಸಿನಲ್ಲಿ ನನ್ನದೂ ಒಂದು ಪಾಲಿರಲಿ ಎನಿಸಿತು. ಸೋಡ ನಾನೇ ಹಾಕುತ್ತೇನೆ ಎಂದು ಪೊಟ್ಟಣ ಬಿಚ್ಚಿದೆ. ಮಳೆಗಾಲದ ನಮ್ಮ ಕರಾವಳಿ ನಿಮಗೆ ಗೊತ್ತಿರಬಹುದು, ಬೆಂಕಿಪೆಟ್ಟಿಗೆಯೂ ಬೆವರುತ್ತದೆ. ಸೋಡ ತೇವ ಹಿಡಿದು ಗಂಟುಗಟ್ಟಿತ್ತು. ತೇವ ಹಿಡಿದದ್ದಕ್ಕೆಲ್ಲ ನಮ್ಮಲ್ಲಿ ಒಂದೇ ಮದ್ದು, ಹುರಿಯುವುದು. ಉಪ್ಪು ಹುರಿಯುತ್ತೇವೆ, ರವೆ ಹುರಿಯುತ್ತೇವೆ, ಮೆಣಸು ಹುರಿಯುತ್ತೇವೆ. ಒಮ್ಮೆ ಅಪ್ಪ ರೇಷನ್ ಕಾರ್ಡನ್ನೂ ಕಾವಲಿಯ ಮೇಲಿಟ್ಟು ಒಣಗಿಸಲು ಹೋಗಿ ಅದರ ಒಂದು ಮೂಲೆ ಕಪ್ಪಾಗಿತ್ತು. ನಾನು ಸೋಡವನ್ನು ಬಾಣಲೆಗೆ ಹಾಕಿ ಒಲೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಒಣ ಪುಡಿ ನೀರಿನ ಹಾಗೆ ಕೊತಕೊತ ಕುದಿಯಿತು, ಅಲ್ಲಲ್ಲಿ ಸಣ್ಣ ಕುಳಿ ಬಿತ್ತು. ತೇವ ಹೋಗುತ್ತಿದೆ ಎಂದುಕೊಂಡೆ. ಚೆನ್ನಾಗಿ ಹುರಿದು, ಹಗುರಾದ ಮೇಲೆ ಹಣ್ಣಿಗೆ ಹಾಕಿ ಕಲಸಿದೆ. ವನಜ ಬಂದಾಗ "ಸೋಡ ಹಾಕಿದ್ದೆ, ಇನ್ನ್ ಹಿಟ್ಟ್ ಹಾಕ್" ಎಂದೆ. ಹುರಿದ ವಿಷಯ ಹೇಳಲಿಲ್ಲ. ನಾಳೆ ಎಲ್ಲರೂ ಹೊಗಳುವಾಗ, ಸೋಡ ಹುರಿದು ಹಾಕಿದ್ದು ನಾನು, ಅದರಿಂದಲೇ ಈ ರುಚಿ ಎಂದು ಹೇಳಬೇಕೆಂದು ಮಾತನ್ನು ಜೋಪಾನ ಮಾಡಿಟ್ಟುಕೊಂಡೆ.

ಮರುದಿನ ಅತ್ತೆ ಮೊದಲ ತುಂಡು ಬಾಯಿಗಿಟ್ಟರು, ಅಗಿಯುವುದನ್ನು ನಿಲ್ಲಿಸಿದರು.

"ಎಂತ ಹೆಣ್ಣೆ, ಸಾಬೂನ್ ಹಾಕಿದ್ಯಾ ಇದಕ್ಕೆ?"

ಹದಿನೈದು ಜನ ನಕ್ಕರು. ಬನ್ಸು ಹೊರಗೆ ಕೆಂಪಗಾಗಿ ಒಳಗೆ ಹಳದಿ ತಿರುಗಿತ್ತು. ಬಾಯಲ್ಲಿಟ್ಟರೆ ಕಹಿ, ಜಾರುವಂಥ ರುಚಿ. ಅಮ್ಮನ ಮುಖ ಕೆಂಪಾಯಿತು. ಹೋಟೆಲಿನ ಮನೆತನದ ಅತ್ತಿಗೆಯ ಮುಂದೆ ಮರ್ಯಾದೆ ಹೋದ ಸಿಟ್ಟನ್ನೆಲ್ಲ ವನಜನ ಮೇಲೆ ಹಾಕಿದಳು. "ಹೊಗಳಿ ಹೊಗಳಿ ನಾನೇ ಹಾಳ್ ಮಾಡದ್ದ್. ಇನ್ ಮೇಲೆ ನೀನ್ ಅಡ್ಗಿಗ್ ಕೈ ಹಾಕುದ್ ಬ್ಯಾಡ!"

ವನಜ ನನ್ನ ಕಡೆ ನೋಡಲೂ ಇಲ್ಲ. ಸೋಡ ಅಕ್ಕ ಹಾಕಿದ್ದು ಎಂದು ಹೇಳಲೂ ಇಲ್ಲ. ಹೇಳಬಹುದಿತ್ತು. ನಾನು ಜೋಪಾನ ಮಾಡಿಟ್ಟುಕೊಂಡಿದ್ದ ಮಾತನ್ನು ಆ ಕಹಿ ತುಂಡಿನ ಜೊತೆಗೇ ನುಂಗಿದೆ. ನಿಜ ಹೇಳಲೇ? ಅಮ್ಮ ಅವಳನ್ನು ಬೈಯುವಾಗ ನನಗೆ ಹೆದರಿಕೆಯ ಜೊತೆಗೆ ಒಂದು ಚೂರು ಖುಷಿಯೂ ಆಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆದದ್ದು ಖುಷಿಯೇ. ಆ ವಾರವೇ ವನಜ ಗಂಗೊಳ್ಳಿಗೆ ಹೋದಳು. ಗಣಿತಕ್ಕೆ ಮತ್ತೆ ಕಟ್ಟುವವಳಿದ್ದಳು, ಕಟ್ಟಲಿಲ್ಲ. ನಾನು ಪಿಯುಸಿ, ಬಿಎಸ್ಸಿ, ಬಿಎಡ್ ಎಂದು ಮೆಟ್ಟಿಲು ಹತ್ತಿದೆ. ಮುಂದೆ ಅವಳು ಬಂದರಿನ ಹತ್ತಿರ ಸಣ್ಣ ಕ್ಯಾಂಟೀನು ಇಟ್ಟಳು. ಮಂಜುಗಡ್ಡೆಯ ಕಾರ್ಖಾನೆಯವರು, ಬೋಟಿನವರು, ಮೀನಿನ ಹರಾಜಿಗೆ ಬಂದವರು ಬೆಳಗಾಗುತ್ತಲೇ ಅವಳ ಬನ್ಸಿಗೆ ಸಾಲು ನಿಲ್ಲುವಂತಾಯಿತು. ಬ್ರಹ್ಮಾವರದಲ್ಲಿ ಒಂದು ಮದುವೆಗೆ ಹೋಗಿದ್ದಾಗ, ನನ್ನ ಪಕ್ಕ ಕೂತ ಅಪರಿಚಿತ ಹೆಂಗಸೊಬ್ಬರು ಗಂಗೊಳ್ಳಿಯ ವನಜಕ್ಕನ ಬನ್ಸ್ ತಿಂದಿದ್ದೀರಾ ಎಂದು ನನ್ನನ್ನೇ ಕೇಳಿದರು. ಪಾಯಸ ಬಡಿಸುವ ಮೊದಲೇ ಎದ್ದುಬಂದೆ.

ಈಗ ನೀವು, ಪುಸ್ತಕ ಮುಚ್ಚಿದವಳು ಪಶ್ಚಾತ್ತಾಪಪಟ್ಟಿರಬೇಕು ಎಂದುಕೊಳ್ಳುತ್ತೀರಿ. ಪಟ್ಟೆ, ಒಂದು ಐದು ನಿಮಿಷ. ಆಮೇಲೆ ನನಗೆ ಬಂದ ಯೋಚನೆ ಬೇರೆ. ವನಜನಿಗೆ ದಿನಾ ಸೋಡ ಹಾಕಿ ಗೊತ್ತು, ಸೋಡದ ಹೆಸರಿನ ಗುಟ್ಟು ಗೊತ್ತಿಲ್ಲ. ಇದೊಂದನ್ನಾದರೂ ಅವಳ ಅಡುಗೆಮನೆಯಲ್ಲೇ ನಿಂತು ಅವಳಿಗೆ ಪಾಠ ಮಾಡಬೇಕು! ಸೋಡ ಹುರಿದು ತೋರಿಸಿದರೆ ನನ್ನ ಹಳೆಯ ತಪ್ಪು ಅವಳಿಗೆ ಹೊಳೆದೀತು ಎನ್ನುವಷ್ಟು ಬುದ್ಧಿ ಕೂಡ ಆ ಉಮೇದಿನಲ್ಲಿ ಉಳಿಯಲಿಲ್ಲ.

ಬೀಜಾಡಿಯಲ್ಲಿ ನಮ್ಮ ಮನೆ ಪಕ್ಕದ ಅಂಗಡಿಯಲ್ಲಿ ಎರಡು ಬಲೂನು ತೆಗೆದುಕೊಂಡೆ. ಅಂಗಡಿಯವರು "ಯಾರ್ ಬರ್ತ್‌ಡೇ ಟೀಚರ್?" ಎಂದರು. ಎರಡು ಖಾಲಿ ಬಾಟಲಿ, ಒಂದು ಬಾಟಲಿ ವಿನೆಗರ್, ಒಂದು ಚಮಚ ಚೀಲಕ್ಕೆ ಹಾಕಿಕೊಂಡು ಕುಂದಾಪುರಕ್ಕೆ ಬಂದೆ. ಅಲ್ಲಿ ಹೊಳೆಯ ದಡದಲ್ಲಿ ನಿಂತರೆ ಗಂಗೊಳ್ಳಿ ಕೂಗಿದರೆ ಕೇಳುವಷ್ಟು ಹತ್ತಿರ. ಬಸ್ಸಿನಲ್ಲಿ ಹೋದರೆ ತ್ರಾಸಿ ಎಂಬ ಊರಿಗೆ ಹೋಗಿ ಸುತ್ತಿ ಬರಬೇಕು. ಆ ಸುತ್ತು ಬಳಸಿನ ಉದ್ದಕ್ಕೂ ನಾನು ಪಾಠವನ್ನು ಮನಸ್ಸಿನಲ್ಲೇ ಉರು ಹೊಡೆದೆ.

ಬೆಳಗಿನ ಗದ್ದಲ ಮುಗಿದಿತ್ತು. ವನಜ ಬಾಣಲೆ ಇಳಿಸಿ ಚಾ ಕುಡಿಯುತ್ತಿದ್ದಳು.

"ಹ್ವಾಯ್ ಗಿರ್ಜಕ್ಕ! ಎಂತ ಇವತ್ತ್ ಇಲ್ಲಿಗ್ ಬಂದದ್? ದೊಡ್ಡಮ್ಮ ಹುಷಾರಿದ್ರಾ?"

"ಹುಷಾರಿದ್ರ್. ನಿಂಗ್ ಒಂದ್ ತೋರ್ಸುಕಿತ್ತ್. ಆ ಸೋಡ ಇಲ್ಲಿ ಕೊಡ್."

ಎರಡು ಚಮಚ ಸೋಡ ಅಳೆದು ಅವಳ ಬಾಣಲೆಯಲ್ಲಿ ಹುರಿದೆ. ಅದೇ ಕೊತಕೊತ, ಅದೇ ಕುಳಿ. ಅದನ್ನು ಒಂದು ಬಲೂನಿಗೆ ತುಂಬಿದೆ, ಹಸಿಯ ಒಂದು ಚಮಚವನ್ನು ಇನ್ನೊಂದಕ್ಕೆ. ವಿನೆಗರ್ ಹಾಕಿದ ಎರಡೂ ಬಾಟಲಿಗಳ ಬಾಯಿಗೆ ಬಲೂನು ಸಿಕ್ಕಿಸಿ ಎತ್ತಿ ಕೊಡವಿದೆ. ಬುರುಬುರು ಎಂದು ನೊರೆ ಬಂತು. ಕೆಂಪು ಬಲೂನು, ಹಸಿರು ಬಲೂನು ಜೊತೆಜೊತೆಗೆ ಎದ್ದು ಕೂತವು. ನೋಡಿದರೆ ಎರಡೂ ಒಂದೇ ಗಾತ್ರ. ನನಗೆ ಸಂತೋಷದಿಂದ ಕಣ್ಣಲ್ಲಿ ನೀರು ಬಂತು. ನೌಕರಿಯಲ್ಲಿದ್ದಾಗ ಒಂದು ದಿನವೂ ಮಕ್ಕಳಿಗೆ ಹೀಗೆ ತೋರಿಸಲಿಲ್ಲವಲ್ಲ ಎಂದು ದುಃಖವೂ ಆಯಿತು. "ಕಂಡ್ಯಾ? ಎರಡ್ ಚಮಚ ಹುರ್ದದ್ದೂ ಒಂದ್ ಚಮಚ ಹಸಿಯೂ ಸಮ. ಹುರ್ದ್ರೆ ಅರ್ಧ ಗ್ಯಾಸ್ ಹೋತ್ತ್. ಅದಕ್ಕೇ ಇದಕ್ಕೆ ಬೈಕಾರ್ಬೊನೇಟ್ ಅಂದೇಳಿ ಹೆಸ್ರ್" ಎಂದು ಕೈ ಬೀಸಿ ಪಾಠ ಮಾಡಿದೆ.

ವನಜ ಬಲೂನು ನೋಡುತ್ತಿರಲಿಲ್ಲ. ಬಾಣಲೆಯ ಅಂಚಿಗೆ ಅಂಟಿದ್ದ ಹುರಿದ ಪುಡಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದಳು. ಉಗುಳಿದಳು. ಬಾಯಿ ಮುಕ್ಕಳಿಸಿ ಬಂದಳು. ಕೂತುಕೊಳ್ಳಲಿಲ್ಲ.

"ಗಿರ್ಜಕ್ಕ, ಈ ರುಚಿ ನಂಗ್ ಗೊತ್ತಿತ್ತ್."

ನನ್ನ ಪಾಠ ನಿಂತಿತು.

"ಅವತ್ತ್ ಸೋಡ ಹುರ್ದಿದ್ಯಾ ನೀನ್?"

ಬಲೂನು ಎರಡೂ ನನ್ನ ಕೈಯಲ್ಲೇ ಇದ್ದವು. "ಹೂಂ" ಎಂದೆ. "ತೇವ ಆಯಿತ್ತ್ ಅಂದೇಳಿ ಹುರ್ದೆ. ಗೊತ್ತಾಯ್ಲ ನಂಗ್. ಆದ್ರೆ ಹೇಳುಕಿತ್ತ್, ಹೇಳ್ಲಿಲ್ಲ. ಅಮ್ಮ ನಿಂಗ್ ಬೈವ ಹೊತ್ತಿಗೂ ಹೇಳ್ಲಿಲ್ಲ. ನಿನ್ನ್ ಕಂಡ್ರೆ ನಂಗ್ ಹೊಟ್ಟಿಕಿಚ್ಚಿತ್ತ್ ವನಜ. ಈಗ್ಳೂ ಇತ್ತ್."

ಹೊರಗೆ ಯಾರೋ ಚಾ ಕೇಳಿದರು, ಅವಳು ಮುಗಿಯಿತು ಎಂದು ಹೇಳಿ ಕಳಿಸಿದಳು.

"ನಾನ್ ಎಂತ ಎಣ್ಸಿದ್ದೆ ಗೊತ್ತಿತ್ತಾ? ಹಣ್ಣ್ ಹೆಚ್ಚ್ ಕಳ್ತಿತ್ತೇನೋ, ಮೊಸ್ರ್ ಹುಳಿ ಇತ್ತೇನೋ, ನನ್ನ್ ಕೈಯೇ ಸಮ ಇಲ್ಲೇನೋ ಅಂದೇಳಿ. ಅವತ್ತಿಂದ ಇವತ್ತಿನವರೆಗೂ ಒಂದ್ ದಿನ ತಪ್ಪದೇ ಸೋಡ, ಹಣ್ಣ್, ಮೊಸ್ರ್ ಎಲ್ಲ ನಾಲ್ಗಿ ಮೇಲ್ ಇಟ್ಟ್ ಕಂಡೇ ಹಿಟ್ಟ್ ಕಲ್ಸುದ್. ಹೆದ್ರಿಕಿ ಮಾರಾಯ್ತಿ, ನಲ್ವತ್ತೈದ್ ವರ್ಷದ್ ಹೆದ್ರಿಕಿ!"

ಇದನ್ನು ಕೇಳಿ ನನಗೆ ಏನಾಯಿತು ಹೇಳಲೇ? ತಪ್ಪಿತಸ್ಥಳ ಸಂಕಟ ಆಯಿತು, ನಿಜ. ಅದರ ಹಿಂದೆಯೇ ಇನ್ನೊಂದು ಬಂತು. ಊರೆಲ್ಲ ಹೊಗಳುವ, ನಾನು ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡ ಆ ತಪ್ಪದ ರುಚಿಯನ್ನು ಅವಳ ಕೈಗೆ ಹಾಕಿಕೊಟ್ಟದ್ದು ನಾನೇ. ವಿಜ್ಞಾನ ಓದಿದವರು ಮಾಡಬೇಕಾದ್ದನ್ನು, ಪ್ರತಿಯೊಂದನ್ನೂ ಪರೀಕ್ಷಿಸಿ ನೋಡುವುದನ್ನು, ಗಣಿತದಲ್ಲಿ ಫೇಲಾದ ಇವಳು ಮಾಡಿದ್ದಾಳೆ, ನಾನಲ್ಲ. ಆ ಕ್ಷಣದಲ್ಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು. ಇದಕ್ಕೆ ಏನು ಮಾಡಲಿ ಹೇಳಿ.

"ಕ್ಷಮ್ಸ್ ವನಜ" ಎಂದೆ.

"ಅದೆಲ್ಲ ಬ್ಯಾಡ" ಎಂದಳು, ನಗಲಿಲ್ಲ. "ಈ ಶನಿವಾರ ನಾನ್ ಬರೀ ಕೈಯಲ್ಲ್ ಬತ್ತೆ. ಬನ್ಸ್ ನೀನ್ ಮಾಡ್. ನಾನ್ ಕೂಕಂಡ್ ಕಾಂತೆ."

ಅಮ್ಮನಿಗೆ ಹೇಳಿಬಿಡುತ್ತಾಳೆ ಎಂದು ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಹೇಳಲಿ, ಹೇಳಬೇಕಾದ್ದೇ ಎಂದುಕೊಂಡೆ. ಆದರೂ ಅದರ ಮೊದಲು ಒಂದೇ ಒಂದು ಸಲ, ನನ್ನ ಬನ್ಸ್ ತಿಂದು ಅಮ್ಮ ಲಾಯ್ಕ್ ಆಯ್ತ್ ಎನ್ನಬೇಕು. ಈ ಮುದಿ ವಯಸ್ಸಿನಲ್ಲಿ ನನಗೆ ಉಳಿದ ಆಸೆ ಅಷ್ಟೇ. ಶುಕ್ರವಾರ ಸಂಜೆ ಹಣ್ಣು ಕಿವುಚುವ ಮೊದಲು ಹಣ್ಣು ನಾಲಗೆಯ ಮೇಲಿಟ್ಟು ನೋಡಿದೆ, ಮೊಸರು ನೋಡಿದೆ, ಸೋಡ ನೋಡಿದೆ.

ಶನಿವಾರ ಗೇಟು ಕಿರ್ ಅಂದಿತು. ವನಜ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು. ನಾನು ಲಟ್ಟಿಸುವುದನ್ನೇ ನೋಡಿದಳು. ಎಣ್ಣೆ ಕಾದದ್ದು ಸಾಲದು ಎನಿಸಿದಾಗ ಮಾತ್ರ ಗಂಟಲು ಸರಿಮಾಡಿಕೊಂಡಳು, ನಾನು ಉರಿ ಹೆಚ್ಚಿಸಿದೆ. ಮೊದಲ ಬನ್ಸು ಎಣ್ಣೆಗೆ ಬಿದ್ದು ಒಂದು ಗಳಿಗೆ ಸುಮ್ಮನಿತ್ತು, ಆಮೇಲೆ ಬೆನ್ನು ತಿರುಗಿಸಿ ಉಬ್ಬಿತು. ಪೂರ್ತಿ ಉಬ್ಬಿತು. ನಾನು ಮಗುವಿನ ಹಾಗೆ ವನಜನ ಕಡೆ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು.

ಅಮ್ಮ ಊಟದ ಮೇಜಿಗೆ ಬಂದಿದ್ದಳು. ಅವಳಿಗೆ ಈಗ ಕಣ್ಣು ಮಂಜು, ಅಡುಗೆಮನೆಯೊಳಗೆ ಯಾರು ನಿಂತಿದ್ದಾರೆ ಯಾರು ಕೂತಿದ್ದಾರೆ ಕಾಣುವುದಿಲ್ಲ. ತಟ್ಟೆಯನ್ನು ವನಜನೇ ಒಯ್ದು ಮುಂದಿಟ್ಟಳು. ಅಮ್ಮ ಮುರಿದಳು, ಹಬೆ ಬಂತು, ಬಾಯಿಗಿಟ್ಟಳು. ನಾನು ಜಾಲರಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಒಂದಿಡೀ ಬನ್ಸು ಮುಗಿಸಿದಳು. ಆಮೇಲೆ ಕಣ್ಣು ಮುಚ್ಚಿ ತಲೆಯಾಡಿಸಿದಳು.

"ಎಷ್ಟೋ ವರ್ಷಕ್ಕ್ ಇಂಥಾ ಬನ್ಸ್ ತಿಂದದ್ದ್. ವನಜ, ಇವತ್ತ್ ನೀನ್ ಮಾಡದ್ದ್ ಯಾವತ್ತಿಂದಕ್ಕಿಂತ ಲಾಯ್ಕ್ ಆಯ್ತ್ ಮಗಾ."

ನಾನು ಬಾಯಿ ತೆರೆದೆ. ವನಜ ತಿರುಗಿ ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಕಿರಿಮಂಜೇಶ್ವರದ ಮನೆಯ ಹದಿನೈದು ಜನರೂ, ಅತ್ತೆಯೂ ಇದ್ದರು. ನಾನು ಬಾಯಿ ಮುಚ್ಚಿದೆ.

"ಹೌದ್ ದೊಡ್ಡಮ್ಮ" ಎಂದಳು ವನಜ, ಅಮ್ಮನ ತಟ್ಟೆ ತನ್ನ ಕಡೆಗೆ ಎಳೆದುಕೊಳ್ಳುತ್ತಾ. "ನಾನೇ ಮಾಡದ್ದ್. ಇನ್ನೊಂದ್ ಹಾಕ್ಲಾ?"

ಮೊಳಕೈವರೆಗೆ ಮೈದಾ ಮೆತ್ತಿಕೊಂಡಿದ್ದ ನಾನು ಒಳಗೆ ಹೋಗಿ ಇನ್ನೊಂದು ಬನ್ಸು ಎಣ್ಣೆಗೆ ಬಿಟ್ಟೆ. ಅದೂ ಚೆನ್ನಾಗಿಯೇ ಉಬ್ಬಿತು.